ಕೇಬಲ್‌ನಲ್ಲಿ ಉಳಿಸಿದ್ದು, ಲಗ್‌ನಲ್ಲಿ ಸುಟ್ಟಿತು

ಪುಣೆ ಬಳಿಯ ಚಾಕಣ್‌ನಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ಕಳೆದ ಬೇಸಿಗೆ 160 ಕಿಲೋವಾಟ್ ಮೋಟಾರಿನ ಟರ್ಮಿನಲ್ ಬಾಕ್ಸ್ ಸುಟ್ಟುಹೋಯಿತು. ಬೋಲ್ಟ್ ಸರಿಯಾಗಿ ಬಿಗಿ ಮಾಡಿಲ್ಲವೆಂದು ವಿಜಯಪುರ ಕಡೆಯ ಹುಡುಗನ ಹದಿನೈದು ದಿನದ ಸಂಬಳ ಹಿಡಿದರು. ಬಾಕ್ಸ್ ಬಿಚ್ಚಿ ನೋಡಿದೆ. ತಪ್ಪು ಅವನದಲ್ಲ.

415 ವೋಲ್ಟ್‌ನಲ್ಲಿ ಆ ಮೋಟಾರು ಪೂರ್ಣ ಲೋಡಿಗೆ ಸುಮಾರು 270 ಆಂಪಿಯರ್ ಎಳೆಯುತ್ತದೆ. ಖರೀದಿ ವಿಭಾಗ ಕ್ಯಾಟಲಾಗ್ ನೋಡಿ ಅಷ್ಟಕ್ಕಷ್ಟೇ ಸಾಲುವ ಅಲ್ಯೂಮಿನಿಯಂ ಕೇಬಲ್ ತರಿಸಿತ್ತು. ಕ್ಯಾಟಲಾಗಿನ ಆ ಅಂಕಿ 40 ಡಿಗ್ರಿ ಗಾಳಿಯಲ್ಲಿರುವ ಒಂಟಿ ಕೇಬಲ್ಲಿನದು. ನಮ್ಮ ಟ್ರೇಯಲ್ಲಿ ಆರು ಕೇಬಲ್ ಒತ್ತೊತ್ತಾಗಿದ್ದವು, ಬಾಯ್ಲರ್ ಬಿಸಿ ಬೇರೆ. ಸಾಲದ್ದಕ್ಕೆ, ಬೈಮೆಟಲ್ ಲಗ್ ದುಬಾರಿಯೆಂದು ತಾಮ್ರದ ಟರ್ಮಿನಲ್ಲಿಗೆ ಬರೀ ಅಲ್ಯೂಮಿನಿಯಂ ಲಗ್ ಹಾಕಿಸಿದ್ದರು. ಎಷ್ಟೇ ಬಿಗಿ ಮಾಡಿದರೂ ಅಂಥ ಜೋಡಣೆ ಕಾದು ತಣಿದು ಸಡಿಲವಾಗುತ್ತದೆ.

ಇದನ್ನೆಲ್ಲ ಮೊದಲೇ ಬಾಯಲ್ಲಿ ಹೇಳಿ ಸುಮ್ಮನಾಗಿದ್ದವನು ನಾನು. ಅದೇ ನನ್ನ ತಪ್ಪು. ಹೊರನಾಡಿನ ಕಾರ್ಖಾನೆಗಳಲ್ಲಿರುವ ನಮ್ಮ ಎಂಜಿನಿಯರುಗಳೇ, ಕೇಬಲ್ ಲೆಕ್ಕವನ್ನು ಬರೆದು, ಸಹಿ ಹಾಕಿ ಕೊಡಿ. ಕಾಗದದಲ್ಲಿ ಲೆಕ್ಕವಿಲ್ಲದಿದ್ದರೆ ಸ್ಪ್ಯಾನರ್ ಹಿಡಿದವನೇ ಕಳ್ಳನಾಗುತ್ತಾನೆ. ಹುಡುಗನ ಸಂಬಳ ವಾಪಸ್ ಬಂದದ್ದು ಎರಡು ಪುಟದ ಲೆಕ್ಕದಿಂದ.