ತಿರುಗುವ ಯಂತ್ರ, ತೂಗುವ ದಾರ

ಮಳವಳ್ಳಿ ತಾಲ್ಲೂಕಿನ ಬ್ಲಫ್ ಎಂಬ ಪುಟ್ಟ ಊರನ್ನು ಅರಿಯದವರೂ ಶಿವನಸಮುದ್ರವನ್ನು ಅರಿತಿರುತ್ತಾರೆ. ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೊದಲಾದ ಕಾರ್ಯವು ಸಿದ್ಧಿಸಿ, 1902ರಲ್ಲಿ ಇಲ್ಲಿನ ಕಾವೇರಿಯ ಧುಮುಕಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದವು. ದೀಪವನ್ನು ಎಲ್ಲರೂ ಕೊಂಡಾಡಿದರು. ಆದರೆ ಅದೇ ವಿದ್ಯುತ್ತು ದೀಪದ ಜೊತೆಗೆ ಮತ್ತೊಂದನ್ನೂ ತಂದಿತು. ಅದುವರೆಗೆ ಮನುಷ್ಯನ ತೋಳು ದಣಿದಾಗ ಹತ್ಯಾರವೂ ನಿಲ್ಲುತ್ತಿತ್ತು. ಮೋಟಾರು ಬಂದ ಮೇಲೆ ತೋಳು ದಣಿದರೂ ಹತ್ಯಾರ ನಿಲ್ಲದಂತಾಯಿತು.

ಇಂದು ಮಂಡ್ಯ, ಮದ್ದೂರು, ಮಳವಳ್ಳಿಗಳ ಪೇಟೆಬೀದಿಗಳಲ್ಲಿ ಲೇತ್ ಅಂಗಡಿಗಳಿವೆ. ಆಲೆಮನೆಯ ಗಾಣದ ಉರುಳೆ ಸವೆದರೆ, ಪಂಪಿನ ದಂಡ ಬಾಗಿದರೆ, ಟ್ರ್ಯಾಕ್ಟರಿನ ಬಿಡಿಭಾಗ ಮುರಿದರೆ ರೈತನು ಅಲ್ಲಿಗೇ ಹೋಗಬೇಕು. ಐ.ಟಿ.ಐ. ಮುಗಿಸಿದ ನಮ್ಮ ಮನೆಗಳ ಎಷ್ಟೋ ಮಕ್ಕಳು ಅಲ್ಲಿ ಲೋಹವನ್ನು ಕಡೆಯುವ, ಕೊರೆಯುವ, ಸಾಣೆ ಹಿಡಿಯುವ ಕಾಯಕದಲ್ಲಿದ್ದಾರೆ. ಅದು ಗೌರವದ ದುಡಿಮೆ. ಆ ದುಡಿಮೆಯಲ್ಲಿ ಅವರ ಕೈಕಾಲುಗಳು ಕ್ಷೇಮವಾಗಿರಬೇಕಾದರೆ ಮನೆಯ ಹಿರಿಯರಾದ ನಾವು ಏನನ್ನು ತಿಳಿದಿರಬೇಕು ಎಂಬುದೇ ಈ ತಿಂಗಳ ವಿಚಾರ.

ಒಂದು ಸರಳವಾದ ಲೆಕ್ಕವನ್ನು ನೋಡೋಣ. ಐವತ್ತು ಮಿಲಿಮೀಟರ್ ದಪ್ಪದ ಉಕ್ಕಿನ ದಂಡವೊಂದು ಲೇತಿನಲ್ಲಿ ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಎನ್ನೋಣ. ಅಂದರೆ ಸೆಕೆಂಡಿಗೆ ಹತ್ತು ಸುತ್ತು. ಅಪಾಯವನ್ನು ಕಣ್ಣು ಕಂಡು ಕೈ ಅಲುಗುವುದಕ್ಕೆ ಸುಮಾರು ಕಾಲು ಸೆಕೆಂಡು ಬೇಕು. ಅಷ್ಟರೊಳಗೆ ದಂಡವು ಎರಡೂವರೆ ಸುತ್ತು ತಿರುಗಿ, ತನಗೆ ಸಿಕ್ಕಿದ ದಾರವನ್ನು ಸುಮಾರು 39 ಸೆಂಟಿಮೀಟರಿನಷ್ಟು, ಎಂದರೆ ಹೆಚ್ಚುಕಡಿಮೆ ಒಂದು ಮೊಳ, ಸುತ್ತಿಕೊಂಡಿರುತ್ತದೆ. ದಾರದ ಮತ್ತೊಂದು ತುದಿ ಕೊರಳಲ್ಲಿದ್ದರೆ ಮುಂದೇನಾಗುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಜಾಣತನವಾಗಲಿ, ಹತ್ತು ವರ್ಷದ ಅನುಭವವಾಗಲಿ ಕೈ ಹಿಡಿಯದು; ಸಮಯವೇ ಇರುವುದಿಲ್ಲ. ಆದುದರಿಂದ ರಕ್ಷಣೆಯೆಲ್ಲ ಯಂತ್ರವು ತಿರುಗುವುದಕ್ಕೆ ಮುನ್ನವೇ ಆಗಿರಬೇಕು.

ಈ ಮಾತು ನಮ್ಮ ಮನೆಗಳಿಗೆ ವಿಶೇಷವಾಗಿ ತಾಗುತ್ತದೆ. ಕೊರಳಲ್ಲಿ ಶಿವದಾರ, ಎದೆಯ ಮೇಲೆ ಇಷ್ಟಲಿಂಗದ ಕರಡಿಗೆ ಇರುವ ಹುಡುಗನಿಗೆ ಅಂಗಡಿಯ ಯಜಮಾನನು "ಅದನ್ನು ತೆಗೆದಿಟ್ಟು ಬಾ" ಎನ್ನುತ್ತಾನೆ. ಮನೆಯಲ್ಲಿ ತಾಯಿಯು "ಪ್ರಾಣ ಹೋದರೂ ತೆಗೆಯಬೇಡಪ್ಪ" ಎನ್ನುತ್ತಾಳೆ. ಇಬ್ಬರ ಕಾಳಜಿಯೂ ನಿಜವಾದುದೇ. ನಡುವೆ ಸಿಕ್ಕಿದ ಹುಡುಗನು ಏನನ್ನೂ ನಿರ್ಧರಿಸಲಾರದೆ ಕರಡಿಗೆಯನ್ನು ಅಂಗಿಯ ಮೇಲೆಯೇ ತೂಗಬಿಟ್ಟು ಯಂತ್ರದ ಮೇಲೆ ಬಾಗುತ್ತಾನೆ.

ನಮ್ಮ ಪರಂಪರೆಯು ಇದಕ್ಕೆ ದಾರಿಯನ್ನು ತೋರಿಸದೆ ಇಲ್ಲ. ಲಿಂಗವನ್ನು ಶಿರಸ್ಸು, ಕಂಠ, ಎದೆ, ಕಂಕುಳು, ಅಂಗೈ ಮೊದಲಾದ ಸ್ಥಾನಗಳಲ್ಲಿ ಧರಿಸಬಹುದೆಂದೂ, ನಾಭಿಯಿಂದ ಕೆಳಕ್ಕೆ ಇಳಿಯಬಿಡಲಾಗದೆಂದೂ ಹಿರಿಯರು ವಿಧಿಸಿದ್ದಾರೆ. ದೇಹದಿಂದ ಅಗಲಬಾರದೆಂಬುದು ವಿಧಿಯೇ ಹೊರತು ಅಂಗಿಯ ಹೊರಗೆ ತೂಗಾಡಬೇಕೆಂಬುದು ವಿಧಿಯಲ್ಲ. ಕೆಲಸದ ವೇಳೆಯಲ್ಲಿ ಶಿವದಾರವನ್ನು ಗಿಡ್ಡ ಮಾಡಿ, ದೊಡ್ಡ ಕರಡಿಗೆಗೆ ಬದಲಾಗಿ ಲಿಂಗವಸ್ತ್ರದಲ್ಲಿ ಕಟ್ಟಿ, ಮೈಗೊತ್ತಿದ ಬನಿಯನ್ನಿನ ಒಳಗೆ ಎದೆಗೆ ಅಂಟಿದಂತೆ ಇರಿಸಿ, ಮೇಲಿನ ಅಂಗಿಯ ಗುಂಡಿಗಳನ್ನು ಕೊರಳವರೆಗೆ ಹಾಕಿಕೊಂಡರೆ ನಿಷ್ಠೆಗೂ ಕೊರತೆಯಿಲ್ಲ, ಕೊರಳಿಗೂ ಭಯವಿಲ್ಲ. ಬೆರಳಿನ ಉಂಗುರ, ಮುಂಗೈಯ ಕಂಕಣ, ಕೈಗಡಿಯಾರಗಳ ವಿಷಯದಲ್ಲಿ ಇಂಥ ಸಂಕಟವೂ ಇಲ್ಲ. ಅವನ್ನು ಮನೆಯಲ್ಲಿಯೇ ಬಿಟ್ಟು ಹೋಗತಕ್ಕದ್ದು. ಯಂತ್ರದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಜಡೆಯನ್ನು ಸುತ್ತಿ ಟೋಪಿಯೊಳಗೆ ಸೇರಿಸಬೇಕು; ಸೆರಗು, ದುಪಟ್ಟಗಳು ಯಂತ್ರದ ಹತ್ತಿರ ಸುಳಿಯಬಾರದು.

ಉಳಿದ ನಿಯಮಗಳೂ ಕಠಿಣವಾದುವಲ್ಲ. ಲೇತಿನ ಚಕ್ಕನ್ನು ಬಿಗಿದ ಕೀಲಿಯನ್ನು ಅಲ್ಲಿಯೇ ಬಿಟ್ಟು ಸ್ವಿಚ್ಚು ಒತ್ತಿದರೆ ಅದು ಗುಂಡಿನಂತೆ ಹಾರುತ್ತದೆ. ಬಿಗಿದ ಕೈಯೇ ಅದನ್ನು ತೆಗೆದಿಡಬೇಕು. ಅಳತೆ ನೋಡುವ ಮುನ್ನ ಯಂತ್ರವು ಪೂರ್ತಿಯಾಗಿ ನಿಂತಿರಬೇಕು. ಸುರುಳಿಯಾಗಿ ಬರುವ ಲೋಹದ ಚೂರುಗಳು ಕ್ಷೌರದ ಕತ್ತಿಯಷ್ಟು ಹರಿತ; ಅವನ್ನು ಯಂತ್ರ ನಿಲ್ಲಿಸಿ ಕೊಕ್ಕೆಯಿಂದಲೋ ಬ್ರಷ್ಷಿನಿಂದಲೋ ತೆಗೆಯಬೇಕು, ಬೆರಳಿನಿಂದಲ್ಲ. ಕೈಗವಸು ಎಲ್ಲೆಡೆಯೂ ರಕ್ಷಣೆಯೆಂದು ತಿಳಿಯುವುದು ತಪ್ಪು: ಲೇತು ಮತ್ತು ಡ್ರಿಲ್ಲಿಂಗ್ ಯಂತ್ರಗಳಲ್ಲಿ ಗವಸಿನ ತುದಿ ಸಿಕ್ಕಿದರೆ ಇಡೀ ಕೈಯನ್ನೇ ಎಳೆದುಕೊಳ್ಳುತ್ತದೆ. ಸಾಣೆಯ ಚಕ್ರದ ಮುಂದೆ ಕನ್ನಡಕವಿಲ್ಲದೆ ನಿಲ್ಲಬಾರದು. ಹೊಸ ಚಕ್ರವನ್ನು ಕೂರಿಸುವ ಮೊದಲು ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಬೇಕು. ಗಟ್ಟಿ ಚಕ್ರವು ಗಂಟೆಯಂತೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಒಡೆದ ಮಡಕೆಯಂತೆ ಮಂಕಾಗಿ ಸದ್ದು ಮಾಡುತ್ತದೆ.

1948ರ ಕಾರ್ಖಾನೆಗಳ ಕಾಯ್ದೆಯು ಅಪಾಯದ ಭಾಗಗಳಿಗೆ ಆವರಣವಿರಬೇಕೆಂದಿತ್ತು. ತಿರುಗುತ್ತಿರುವ ಯಂತ್ರವನ್ನು ಪರೀಕ್ಷಿಸುವವನು ಮೈಗೊತ್ತಿದ ಉಡುಪನ್ನು ಧರಿಸಿರಬೇಕು, ಅದನ್ನು ಮಾಲೀಕನೇ ಒದಗಿಸಬೇಕು ಎಂದೂ ವಿಧಿಸಿತ್ತು. ಆದರೆ ವಿದ್ಯುತ್ತನ್ನು ಬಳಸುವ ಕಡೆಗಳಲ್ಲಿ ಆ ಕಾಯ್ದೆ ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿಗೆ ಅನ್ವಯಿಸುತ್ತಿತ್ತು. ಮೂರು ಮಂದಿಯ ಪೇಟೆಯ ಅಂಗಡಿಗೆ ತನಿಖಾಧಿಕಾರಿ ಬರುವುದು ಅಪರೂಪ. ಅಲ್ಲಿ ಯಜಮಾನನ ಅಂತಃಕರಣವೇ ಕಾಯ್ದೆ, ಮನೆಯವರ ಎಚ್ಚರವೇ ತನಿಖೆ. ನಮ್ಮ ಸಮಾಜದಲ್ಲಿ ಅಂಗಡಿಯ ಒಡೆಯರೂ ಇದ್ದಾರೆ. ಕೆಲಸ ಬೇಗ ಸಾಗಲೆಂದು ತೆಗೆದಿಟ್ಟಿರುವ ಆವರಣವನ್ನು ಅವರು ಇಂದೇ ಮರಳಿ ಕೂರಿಸಲಿ. ಸುಗ್ಗಿಯ ದಿನಗಳಲ್ಲಿ ಗಾಣ ನಿಂತಿದೆಯೆಂದು ರೈತನು ಅವಸರಪಡಿಸಿದರೂ, ನಿದ್ದೆಗೆಟ್ಟ ಹುಡುಗನನ್ನು ಯಂತ್ರದ ಮುಂದೆ ನಿಲ್ಲಿಸದಿರಲಿ. ಗಾಣ ಒಂದು ದಿನ ತಡವಾಗಿ ತಿರುಗೀತು; ಹೋದ ಬೆರಳು ಮತ್ತೆ ಬಾರದು.

ತಾಯಂದಿರಲ್ಲಿ ಒಂದು ವಿನಂತಿ. ನಾಳೆ ಬೆಳಗ್ಗೆ ಮಗನು ಪೂಜೆಯನ್ನು ಮುಗಿಸಿ ಕೆಲಸಕ್ಕೆ ಹೊರಡುವಾಗ ಬುತ್ತಿಯನ್ನು ಕೈಗಿತ್ತು, ಅವನ ಶಿವದಾರವು ಅಂಗಿಯ ಒಳಗಿದೆಯೇ, ತೋಳಿನ ಗುಂಡಿ ಹಾಕಿದೆಯೇ, ಉಂಗುರವನ್ನು ತೆಗೆದಿಟ್ಟಿದ್ದಾನೆಯೇ ಎಂದು ಒಮ್ಮೆ ನೋಡಿರಿ. ಹೋದಂತೆಯೇ ಸಂಜೆ ಇಡಿಯಾಗಿ ಮನೆಗೆ ಬರಲಿ.