ಹೇಳಿ ಬದಲಾಗಲಿ ತಂತ್ರಾಂಶ

ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ಮೈಸೂರಿಗರ ಕಣ್ಣು ದಿನವೂ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟದ ಮೇಲೆ. 124.80 ಅಡಿ ಮುಟ್ಟಿದರೆ ಕಟ್ಟೆ ಭರ್ತಿ. ಈ ಕಟ್ಟೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಬಳಸಿದ್ದು ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. 1903ರಲ್ಲಿ ಪುಣೆಯ ಹತ್ತಿರದ ಖಡಕವಾಸಲಾ ಜಲಾಶಯದಲ್ಲಿ ಮೊದಲು ಬಳಕೆಗೆ ಬಂದ ಈ ಗೇಟುಗಳು, ನೀರು ಗೊತ್ತುಪಡಿಸಿದ ಮಟ್ಟ ಮೀರಿದಾಗ ಯಾರೂ ಕೈಹಚ್ಚದೆ ತಾವೇ ತೆರೆದುಕೊಳ್ಳುತ್ತಿದ್ದವು. ಆದರೆ ಕಟ್ಟೆಯ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ನದಿಗೆ ಹೆಚ್ಚು ನೀರು ಬಿಡುವ ಮುನ್ನ ಶ್ರೀರಂಗಪಟ್ಟಣದ ಆಸುಪಾಸಿನ ನದಿದಂಡೆಯ ಜನರಿಗೆ ಎಚ್ಚರಿಕೆ ಹೋಗುತ್ತದೆ. ರಂಗನತಿಟ್ಟಿನಲ್ಲಿ ದೋಣಿವಿಹಾರ ನಿಲ್ಲುತ್ತದೆ.

ತಾನೇ ನಡೆಯುವ ವ್ಯವಸ್ಥೆ ಒಂದು, ಮುಂಚಿತವಾಗಿ ತಿಳಿಸುವ ವ್ಯವಸ್ಥೆ ಇನ್ನೊಂದು. ಕಂಪ್ಯೂಟರ್ ಕಲಿಯುತ್ತಿರುವ ವಿದ್ಯಾರ್ಥಿಗಳು ಇಂದು ‘ಕಂಟೇನರ್’ ಎಂಬ ಹೆಸರಿನ ತಂತ್ರಾಂಶದ ಪೆಟ್ಟಿಗೆಗಳನ್ನು ನಿರ್ವಹಿಸುವಾಗ ಎದುರಾಗುವುದೂ ಇವೇ ಎರಡು ವ್ಯವಸ್ಥೆಗಳು. ಯಾವುದನ್ನು ಎಲ್ಲಿ ಬಳಸಬೇಕೆಂದು ತಿಳಿಯದಿದ್ದರೆ ಒಂದು ಇಡೀ ವರ್ಷದ ಪ್ರಾಜೆಕ್ಟ್ ಕೆಲಸ ಒಂದೇ ರಾತ್ರಿಯಲ್ಲಿ ನಿಂತುಹೋಗಬಹುದು.

ಸಕ್ಕರೆ ಅಚ್ಚಿನ ಪಾಠ

ಕಂಟೇನರ್ ಎಂಬ ಹೆಸರು ಬಂದದ್ದು ಹಡಗುಗಳಿಂದ. 1956ರ ಏಪ್ರಿಲ್‌ನಲ್ಲಿ ಅಮೆರಿಕದ ಮಾಲ್ಕಮ್ ಮೆಕ್ಲೀನ್ ಎಂಬ ಸಾರಿಗೆ ಉದ್ಯಮಿ 58 ಪೆಟ್ಟಿಗೆಗಳನ್ನು ಹಡಗಿಗೇರಿಸಿ ನ್ಯೂಆರ್ಕ್‌ನಿಂದ ಹ್ಯೂಸ್ಟನ್‌ಗೆ ಕಳುಹಿಸಿದರು. ಒಳಗಿನ ಸರಕು ಯಾವುದಾದರೂ ಇರಲಿ, ಒಂದೇ ಅಳತೆಯ ಪೆಟ್ಟಿಗೆಯಾದರೆ ಯಾವ ಬಂದರಿನಲ್ಲೂ ಎತ್ತಿ ಇಳಿಸಬಹುದು ಎಂಬುದು ಅದರ ತಿರುಳು. 2013ರಲ್ಲಿ ಹೊರಬಂದ ‘ಡಾಕರ್’ ಎಂಬ ತಂತ್ರಾಂಶ ಇದೇ ವಿಚಾರವನ್ನು ಕಂಪ್ಯೂಟರಿನಲ್ಲಿ ಜನಪ್ರಿಯಗೊಳಿಸಿತು. ಒಂದು ತಂತ್ರಾಂಶ ಮತ್ತು ಅದು ಓಡಲು ಬೇಕಾದ ಸಣ್ಣಪುಟ್ಟ ಭಾಗಗಳನ್ನೆಲ್ಲ ಒಂದೇ ಪೆಟ್ಟಿಗೆಗೆ ಹಾಕಿದರೆ, ಅದು ಕಾಲೇಜಿನ ಪ್ರಯೋಗಾಲಯದಲ್ಲೂ ಮನೆಯ ಹಳೆಯ ಕಂಪ್ಯೂಟರಿನಲ್ಲೂ ಒಂದೇ ರೀತಿ ಓಡುತ್ತದೆ.

ಇಲ್ಲಿ ಎರಡು ಪದಗಳನ್ನು ಬೇರ್ಪಡಿಸಿಕೊಳ್ಳಬೇಕು: ಇಮೇಜ್ ಮತ್ತು ಕಂಟೇನರ್. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯುವುದನ್ನು ನೋಡಿದವರಿಗೆ ಇದು ಸುಲಭ. ಮರದ ಅಚ್ಚು ಇಮೇಜ್ ಇದ್ದಂತೆ. ಅದರಲ್ಲಿ ಹೊಯ್ದು ತೆಗೆದ ಸಕ್ಕರೆಯ ಬೊಂಬೆ ಕಂಟೇನರ್ ಇದ್ದಂತೆ. ಬೊಂಬೆಯ ಮೂಗು ಸರಿಯಿಲ್ಲ ಎಂದಾದರೆ ಯಾರೂ ಬೊಂಬೆಯನ್ನು ಕೆತ್ತಿ ಸರಿಪಡಿಸುವುದಿಲ್ಲ. ಅಚ್ಚನ್ನೇ ತಿದ್ದಿ ಹೊಸದಾಗಿ ಹೊಯ್ಯುತ್ತಾರೆ. ಕಂಟೇನರ್‌ನ ಅಪ್‌ಡೇಟ್ ಎಂದರೆ ಇಷ್ಟೇ: ಹೊಸ ಅಚ್ಚನ್ನು ತರಿಸಿ, ಹಳೆಯ ಬೊಂಬೆಯನ್ನು ಎಸೆದು, ಹೊಸದನ್ನು ಅದರ ಜಾಗದಲ್ಲಿ ನಿಲ್ಲಿಸುವುದು.

ಇದರಿಂದ ಒಂದು ಮುಖ್ಯ ಮಾತು ಹೊರಡುತ್ತದೆ. ಹಳೆಯ ಬೊಂಬೆಯೊಳಗೆ ಏನಾದರೂ ಅಮೂಲ್ಯವಾದದ್ದನ್ನು ಇಟ್ಟಿದ್ದರೆ ಅದೂ ಎಸೆದುಹೋಗುತ್ತದೆ. ಆದ್ದರಿಂದ ಮಾಹಿತಿಯನ್ನು, ಅಂದರೆ ಹೆಸರು, ಅಂಕ, ಲೆಕ್ಕ, ಚಿತ್ರ ಮುಂತಾದುವನ್ನು ಕಂಟೇನರ್‌ನ ಹೊರಗೆ ‘ವಾಲ್ಯೂಮ್’ ಎಂಬ ಪ್ರತ್ಯೇಕ ಜಾಗದಲ್ಲಿ ಇಡಬೇಕು. ಈ ಏರ್ಪಾಡು ಮಾಡದೆ ಅಪ್‌ಡೇಟಿನ ಮಾತೇ ಆಡಬಾರದು.

ಹಳತಾಗಿ ಉಳಿದರೆ

ಓಡುತ್ತಿರುವುದನ್ನು ಯಾಕೆ ಮುಟ್ಟಬೇಕು ಎಂದು ಕೇಳುವವರಿದ್ದಾರೆ. 2017ರ ಮೇ 12ರಂದು ಜಗತ್ತಿನಾದ್ಯಂತ ಹರಡಿದ ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶ ಅವರಿಗೆ ಉತ್ತರ. ಅದು ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಸುಮಾರು ಎರಡು ತಿಂಗಳು ಆ ತೇಪೆಯನ್ನು ಹಾಕಿಕೊಳ್ಳದೆ ಕುಳಿತಿದ್ದ ಕಂಪ್ಯೂಟರುಗಳೇ ಬಲಿಯಾದವು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳ ಭೇಟಿಗಳನ್ನೇ ರದ್ದು ಮಾಡಬೇಕಾಯಿತು.

ಕಂಟೇನರ್‌ಗಳಲ್ಲಿ ಈ ಅಪಾಯ ಇನ್ನೊಂದು ರೀತಿಯಲ್ಲಿ ಅಡಗಿರುತ್ತದೆ. ಕಂಪ್ಯೂಟರಿನ ಕಾರ್ಯಾಚರಣೆ ವ್ಯವಸ್ಥೆಯನ್ನು ನಿಯಮಿತವಾಗಿ ಹೊಸದಾಗಿಸುವ ವಿದ್ಯಾರ್ಥಿ, ಎಲ್ಲವೂ ಹೊಸದಾಯಿತೆಂದು ನೆಮ್ಮದಿಯಿಂದ ಇರುತ್ತಾನೆ. ಆದರೆ ಆ ಅಪ್‌ಡೇಟ್ ಕಂಟೇನರ್‌ಗಳ ಒಳಗಿನ ಭಾಗಗಳನ್ನು ಮುಟ್ಟುವುದೇ ಇಲ್ಲ. ಮನೆಗೆ ಸುಣ್ಣ ಬಳಿದರೂ ಬೀಗ ಹಾಕಿದ ಪೆಟ್ಟಿಗೆಯೊಳಗಿನ ಗೆದ್ದಲು ಹಾಗೆಯೇ ಇರುತ್ತದೆ.

ಕೇಳದೆ ಬದಲಾದರೆ

ಹಾಗಾದರೆ ಎಲ್ಲವೂ ತಾನಾಗಿಯೇ ಹೊಸದಾಗುವಂತೆ ಮಾಡಿಬಿಟ್ಟರೆ? 2024ರ ಜುಲೈ 19 ಇದಕ್ಕೆ ಪಾಠ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳುಹಿಸಿದ ಒಂದು ದೋಷಪೂರಿತ ಕಡತ ತಾನಾಗಿಯೇ ಗ್ರಾಹಕರ ಯಂತ್ರಗಳನ್ನು ತಲುಪಿತು. ಸುಮಾರು ಒಂದೂಕಾಲು ಗಂಟೆಯಲ್ಲಿ ಸಂಸ್ಥೆ ಅದನ್ನು ಹಿಂತೆಗೆದುಕೊಂಡಿತಾದರೂ ಅಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಮೈಕ್ರೋಸಾಫ್ಟ್‌ನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಬೆಂಗಳೂರು ಸೇರಿದಂತೆ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರು ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ಕೆಲವೆಡೆ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು.

ಅಷ್ಟು ದೂರ ಹೋಗುವುದೂ ಬೇಡ. ಮೈಸೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ಮೂವರು ವಿದ್ಯಾರ್ಥಿಗಳು ಹಾಸ್ಟೆಲ್ ಮೆಸ್ಸಿನ ಲೆಕ್ಕ ಇಡುವ ಒಂದು ಜಾಲತಾಣ ರೂಪಿಸಿದ್ದಾರೆ ಎಂದು ಊಹಿಸಿಕೊಳ್ಳಬಹುದು. ಕುವೆಂಪುನಗರದ ಒಬ್ಬರ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಮೂರು ಕಂಟೇನರ್‌ಗಳು ಓಡುತ್ತಿವೆ: ಪುಟಗಳನ್ನು ತೋರಿಸುವುದು ಒಂದು, ಲೆಕ್ಕದ ಕಾರ್ಯಕ್ರಮ ಇನ್ನೊಂದು, ಮಾಹಿತಿ ಕೂಡಿಡುವ ‘ಪೋಸ್ಟ್‌ಗ್ರೆಸ್’ ದತ್ತಸಂಚಯ ಮೂರನೆಯದು. ಮೂರಕ್ಕೂ ‘ಲೇಟೆಸ್ಟ್’, ಅಂದರೆ ಇತ್ತೀಚಿನದು ಬರಲಿ ಎಂಬ ಹಣೆಪಟ್ಟಿ ಹಚ್ಚಿ, ಸ್ವಯಂ ಅಪ್‌ಡೇಟ್ ಇಟ್ಟಿದ್ದಾರೆ.

ಪೋಸ್ಟ್‌ಗ್ರೆಸ್‌ನ ದೊಡ್ಡ ಆವೃತ್ತಿ ವರ್ಷಕ್ಕೊಂದು ಬರುತ್ತದೆ. 17ನೆಯದು 2024ರ ಸೆಪ್ಟೆಂಬರ್‌ನಲ್ಲಿ, 18ನೆಯದು 2025ರ ಸೆಪ್ಟೆಂಬರ್‌ನಲ್ಲಿ ಬಂದಿತು. ಹೊಸ ದೊಡ್ಡ ಆವೃತ್ತಿಗೆ ಹಳೆಯದು ಬರೆದಿಟ್ಟ ಕಡತಗಳನ್ನು ನೇರವಾಗಿ ಓದಲು ಬರುವುದಿಲ್ಲ. ಮಾಹಿತಿಯನ್ನು ಹಳೆಯದರಿಂದ ಹೊರತೆಗೆದು ಹೊಸದಕ್ಕೆ ತುಂಬಬೇಕು, ಇಲ್ಲವೇ ಪರಿವರ್ತನೆಯ ಸಲಕರಣೆ ಬಳಸಬೇಕು. ಇದಾವುದನ್ನೂ ಮಾಡದೆ ರಾತ್ರೋರಾತ್ರಿ ಪೆಟ್ಟಿಗೆ ಬದಲಾದರೆ ಬೆಳಿಗ್ಗೆ ದತ್ತಸಂಚಯ ಏಳುವುದೇ ಇಲ್ಲ. ಅಂದೇ ಪರೀಕ್ಷಕರ ಮುಂದೆ ಪ್ರದರ್ಶನವಿದ್ದರೆ ಗತಿ? ಮಾಹಿತಿ ಅಳಿದಿರುವುದಿಲ್ಲ, ವಾಲ್ಯೂಮಿನಲ್ಲಿ ಭದ್ರವಾಗಿಯೇ ಇರುತ್ತದೆ. ಆದರೆ ಕಾರಣ ಗೊತ್ತಿಲ್ಲದ ವಿದ್ಯಾರ್ಥಿ ಗಾಬರಿಯಲ್ಲಿ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರುಮಾಡುತ್ತಾನೆ. ನಿಜವಾದ ನಷ್ಟ ಆಗುವುದು ಆ ಗಳಿಗೆಯಲ್ಲಿ.

ಹಣೆಪಟ್ಟಿಯ ಗುಟ್ಟು

ಇದಕ್ಕೆ ಪರಿಹಾರ ಸರಳ. ‘ಲೇಟೆಸ್ಟ್’ ಎಂದು ಬರೆಯುವ ಬದಲು ‘17’ ಎಂದು ಬರೆದರೆ ಸಾಕು. ಆಗ 17ರೊಳಗಿನ ಸಣ್ಣ ತಿದ್ದುಪಡಿಗಳು ಬರುತ್ತವೆ, 18ಕ್ಕೆ ಹಾರುವುದಿಲ್ಲ. ಸಣ್ಣ ತಿದ್ದುಪಡಿಗಳಲ್ಲಿ ಕಡತದ ಸ್ವರೂಪ ಬದಲಾಗದು. ದೋಷಗಳ ರಿಪೇರಿ ಮತ್ತು ಭದ್ರತೆಯ ತೇಪೆಗಳು ಮಾತ್ರ ಸೇರುತ್ತವೆ. ಒಂದೊಂದು ದೊಡ್ಡ ಆವೃತ್ತಿಗೂ ಐದು ವರ್ಷ ಇಂಥ ತೇಪೆಗಳು ಸಿಗುವುದರಿಂದ ಅವಸರಪಡುವ ಕಾರಣವೂ ಇಲ್ಲ.

ಬಹುತೇಕ ತಂತ್ರಾಂಶಗಳ ಆವೃತ್ತಿಗೆ ಚುಕ್ಕಿಯಿಂದ ಬೇರ್ಪಟ್ಟ ಅಂಕಿಗಳಿರುತ್ತವೆ. ಮೊದಲನೆಯದು ಬದಲಾದರೆ ದೊಡ್ಡ ಬದಲಾವಣೆ, ಕೊನೆಯದು ಬದಲಾದರೆ ರಿಪೇರಿ ಎಂಬುದು ಸಾಮಾನ್ಯ ರೂಢಿ. ಈ ಅಂಕಿಗಳನ್ನು ಓದುವ ಅಭ್ಯಾಸವನ್ನು ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಬೆಳೆಸಿಕೊಳ್ಳುವುದು ಒಳ್ಳೆಯದು.

ಮಾಡುವವನು, ಹೇಳುವವನು

ಹೊಸ ಇಮೇಜ್ ಬಂದಿದೆಯೇ ಎಂದು ನೋಡುವ ಕೆಲಸಕ್ಕೆ ಉಚಿತ ತಂತ್ರಾಂಶಗಳಿವೆ. ಅವುಗಳಲ್ಲಿ ಬಹಳ ಹೆಸರು ಮಾಡಿದ್ದು ‘ವಾಚ್‌ಟವರ್’, ಅಂದರೆ ಕಾವಲು ಗೋಪುರ. ಏನೂ ಹೇಳದಿದ್ದರೆ ಇದು 24 ಗಂಟೆಗೊಮ್ಮೆ ನೋಡಿ, ಹೊಸದಿದ್ದರೆ ತರಿಸಿ, ಹಳೆಯ ಕಂಟೇನರ್ ನಿಲ್ಲಿಸಿ, ಅದೇ ಹೊಂದಾಣಿಕೆಗಳೊಂದಿಗೆ ಹೊಸದನ್ನು ಹೂಡುತ್ತದೆ. ‘ಮಾನಿಟರ್ ಓನ್ಲಿ’ ಎಂಬ ಆಯ್ಕೆ ಕೊಟ್ಟರೆ ಬದಲಾಯಿಸದೆ ಸುದ್ದಿ ಮಾತ್ರ ಮುಟ್ಟಿಸುತ್ತದೆ. ಒಂದೊಂದು ಕಂಟೇನರ್‌ಗೂ ಲೇಬಲ್ ಅಂಟಿಸಿ ಇದಕ್ಕೆ ಹೀಗೆ, ಅದಕ್ಕೆ ಹಾಗೆ ಎಂದು ವಿಂಗಡಿಸಲೂಬಹುದು. ‘ಡಿಯುನ್’ ಎಂಬುದು ಇನ್ನೊಂದು. ಇದು ಯಾವುದನ್ನೂ ಮುಟ್ಟುವುದಿಲ್ಲ. ಹೊಸದು ಬಂದಿದೆ ಎಂದು ಇ-ಮೇಲ್ ಅಥವಾ ಟೆಲಿಗ್ರಾಂ ಮೂಲಕ ತಿಳಿಸುವುದಷ್ಟೇ ಇದರ ಕಸುಬು.

ಮೇಲಿನ ಮೂರು ಕಂಟೇನರ್‌ಗಳಿಗೆ ಹೀಗೆ ವಿಂಗಡಣೆ ಮಾಡಬಹುದು. ಪುಟ ತೋರಿಸುವ ಪೆಟ್ಟಿಗೆಯಲ್ಲಿ ಮಾಹಿತಿ ಇಲ್ಲ. ಕೆಟ್ಟರೆ ಹಿಂದಿನ ಆವೃತ್ತಿ ಹಾಕಿದರಾಯಿತು. ಅದು ತಾನೇ ಹೊಸದಾಗಲಿ. ದತ್ತಸಂಚಯಕ್ಕೆ ಸುದ್ದಿ ಮಾತ್ರ ಬರಲಿ. ವಿದ್ಯಾರ್ಥಿ ಅದನ್ನು ಓದಿ, ಬ್ಯಾಕಪ್ ತೆಗೆದು, ಬಿಡುವಿನ ವೇಳೆಯಲ್ಲಿ ಕೈಯಾರೆ ಬದಲಿಸಲಿ. ಲೆಕ್ಕದ ಕಾರ್ಯಕ್ರಮ ವಿದ್ಯಾರ್ಥಿಗಳೇ ಬರೆದದ್ದು. ಅದರ ಅಚ್ಚನ್ನು ಅವರೇ ತಿದ್ದಬೇಕಾದ್ದರಿಂದ ಅದನ್ನು ಈ ಕಾವಲಿನಿಂದ ಹೊರಗಿಡಲಿ. ಪರೀಕ್ಷೆ, ಪ್ರದರ್ಶನಗಳಿಗೆ ಒಂದು ವಾರ ಮುಂಚೆ ಎಲ್ಲ ಸ್ವಯಂ ಬದಲಾವಣೆಗಳನ್ನೂ ನಿಲ್ಲಿಸುವುದು ಜಾಣತನ.

ಗಡಿಯಾರ ಮತ್ತು ಗುಪ್ತಪದ

ಅಪ್‌ಡೇಟಿಗೆ ಬೆಳಗಿನ ಜಾವ ನಾಲ್ಕು ಗಂಟೆ ಒಳ್ಳೆಯ ಹೊತ್ತು. ಆದರೆ ಕಂಟೇನರ್‌ಗಳ ಗಡಿಯಾರ ಸಾಮಾನ್ಯವಾಗಿ ಭಾರತದ್ದಲ್ಲ, ಜಾಗತಿಕ ಪ್ರಮಾಣ ಕಾಲದ್ದು. ಭಾರತದ ವೇಳೆ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಾಲ್ಕು ಎಂದು ಬರೆದದ್ದು ಇಲ್ಲಿನ ಬೆಳಿಗ್ಗೆ ಒಂಬತ್ತೂವರೆಗೆ ನಡೆಯುತ್ತದೆ, ಎಲ್ಲರೂ ಕೆಲಸ ಶುರುಮಾಡುವ ಹೊತ್ತಿಗೆ ಸರಿಯಾಗಿ! ಕಾಲವಲಯವನ್ನು ‘ಏಷ್ಯಾ/ಕೋಲ್ಕತಾ’ ಎಂದು ನಮೂದಿಸುವುದನ್ನು ಮರೆಯಬಾರದು.

ಸುದ್ದಿ ಕಳುಹಿಸಲು ಬೇಕಾದ ಇ-ಮೇಲ್ ಗುಪ್ತಪದ, ಟೆಲಿಗ್ರಾಂ ಟೋಕನ್ ಇವು ಮನೆಯ ಬೀಗದ ಕೈಯಿದ್ದಂತೆ. ಪ್ರಾಜೆಕ್ಟಿನ ಕಡತಗಳನ್ನು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕುವ ವಿದ್ಯಾರ್ಥಿಗಳು ಈ ಕೈಗಳನ್ನೂ ಜೊತೆಗೆ ಹಾಕಿಬಿಡುವುದುಂಟು. ಇವನ್ನು ಬೇರೆ ಕಡತದಲ್ಲಿಟ್ಟು, ಆ ಕಡತ ಹೊರಗೆ ಹೋಗದಂತೆ ನೋಡಿಕೊಳ್ಳಬೇಕು. ಇನ್ನೊಂದು ಎಚ್ಚರಿಕೆ: ಕಾವಲುಗಾರ ತಂತ್ರಾಂಶಕ್ಕೆ ಡಾಕರ್‌ನ ಪೂರ್ಣ ಅಧಿಕಾರ ಕೊಟ್ಟರೆ ಇಡೀ ಯಂತ್ರವನ್ನೇ ಅದರ ಕೈಗೆ ಒಪ್ಪಿಸಿದಂತೆ. ಯಾರು ಮಾಡಿದ್ದೆಂದು ತಿಳಿಯದ ತಂತ್ರಾಂಶಕ್ಕೆ ಈ ಅಧಿಕಾರ ಸಲ್ಲದು.

ಸೀಟಿ ಕೇಳಿಸದಿದ್ದರೆ

ವಾಚ್‌ಟವರನ್ನು ರೂಪಿಸಿದವರೇ, ಇದು ಮನೆಯ ಪ್ರಯೋಗಗಳಿಗೆ ಸರಿ, ವ್ಯಾಪಾರಿ ಸಂಸ್ಥೆಗಳ ಮುಖ್ಯ ಕೆಲಸಗಳಿಗೆ ಬೇಡ ಎಂದು ಹೇಳಿದ್ದರು. 2025ರ ಕೊನೆಯಲ್ಲಿ ಅವರು ಅದರ ನಿರ್ವಹಣೆಯನ್ನೇ ನಿಲ್ಲಿಸಿದರು. ಅದಕ್ಕೆ ಮುಂಚೆ, ನವೆಂಬರ್‌ನಲ್ಲಿ ಬಂದ ಡಾಕರ್ 29ನೆಯ ಆವೃತ್ತಿಯೊಂದಿಗೆ ಹಳೆಯ ವಾಚ್‌ಟವರ್ ಹೊಂದಿಕೊಳ್ಳದೆ ಅನೇಕರಲ್ಲಿ ಕೆಲಸ ನಿಂತಿತ್ತು. ಬೇರೆಯವರು ಅದರ ಕವಲುಗಳನ್ನು ಮುಂದುವರಿಸಿದ್ದಾರೆ. ಆದರೆ ಹಳೆಯ ಪಾಠಗಳನ್ನು ನೋಡಿ ಮೂಲದ ವಾಚ್‌ಟವರನ್ನೇ ಹಾಕಿಕೊಳ್ಳುವ ವಿದ್ಯಾರ್ಥಿಗೆ ಇದು ಗೊತ್ತಾಗುವುದಿಲ್ಲ. ಎಲ್ಲವನ್ನೂ ಹೊಸದಾಗಿಡುವ ಕಾವಲುಗಾರನೇ ಹಳತಾಗಿ ಕುಳಿತ ಕಥೆ ಇದು.

ರಾತ್ರಿ ಗಸ್ತಿನ ಗೂರ್ಖಾ ಗಂಟೆಗೊಮ್ಮೆ ಸೀಟಿ ಊದುವುದು ಕಳ್ಳರನ್ನು ಹೆದರಿಸಲು ಮಾತ್ರವಲ್ಲ, ತಾನು ಎಚ್ಚರವಾಗಿದ್ದೇನೆಂದು ಮನೆಯವರಿಗೆ ತಿಳಿಸಲು ಕೂಡ. ತಿಂಗಳುಗಟ್ಟಲೆ ಒಂದೂ ಸುದ್ದಿ ಬಾರದಿದ್ದರೆ ಎಲ್ಲ ಕ್ಷೇಮವೆಂದು ತಿಳಿಯುವುದು ತಪ್ಪು. ಕಾವಲುಗಾರ ನಿದ್ದೆ ಹೋಗಿರಬಹುದು. ವಾರಕ್ಕೊಮ್ಮೆಯಾದರೂ ‘ನೋಡಿದೆ, ಹೊಸದೇನೂ ಇಲ್ಲ’ ಎಂಬ ಒಂದು ಸಾಲು ಬರುವಂತೆ ಏರ್ಪಾಡು ಮಾಡಿಕೊಳ್ಳಬೇಕು. ಇದರ ಇನ್ನೊಂದು ತುದಿ, ದಿನಕ್ಕೆ ಹತ್ತಾರು ಸುದ್ದಿ ಬರುವಂತೆ ಮಾಡಿಕೊಳ್ಳುವುದು. ಆಗ ಯಾವುದನ್ನೂ ಯಾರೂ ಓದುವುದಿಲ್ಲ. ಬರುವುದು ಕಡಿಮೆ ಇರಲಿ, ಬಂದದ್ದನ್ನು ಓದುವಂತಿರಲಿ.

ತಂದೆತಾಯಂದಿರಿಗೆ

ಹೆಬ್ಬಾಳದ ತಂತ್ರಾಂಶ ಸಂಸ್ಥೆಗಳಲ್ಲೋ ಬೆಂಗಳೂರಿನಲ್ಲೋ ಮಕ್ಕಳಿಗೆ ಕೆಲಸ ಸಿಗಲೆಂದು ಹಾರೈಸುವ ತಂದೆತಾಯಂದಿರು, ಈ ವಿದ್ಯೆಗೆ ದುಬಾರಿ ಯಂತ್ರ ಬೇಕೆಂದು ಚಿಂತಿಸಬೇಕಿಲ್ಲ. ಮನೆಯಲ್ಲಿ ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪ್ ಸಾಕು. ಇಲ್ಲಿ ಹೇಳಿದ ಕಂಟೇನರ್ ಸಲಕರಣೆಗಳನ್ನು ಕಲಿಯುವವರು ಉಚಿತವಾಗಿ ಬಳಸಬಹುದು. ಕರೆಂಟು ಹೋಗಿ ಬಂದಾಗ ಕಂಟೇನರ್‌ಗಳು ತಾವೇ ಏಳುವಂತೆ ಹೊಂದಿಸುವುದೂ ಇದರಲ್ಲೇ ಒಂದು ಪಾಠ.

ಕಂಪ್ಯೂಟರ್ ಬಾರದ ಪೋಷಕರೂ ಮಗ ಅಥವಾ ಮಗಳನ್ನು ಮೂರು ಪ್ರಶ್ನೆ ಕೇಳಬಹುದು. ಬ್ಯಾಕಪ್ ಎಲ್ಲಿದೆ, ಅದನ್ನು ಒಮ್ಮೆಯಾದರೂ ವಾಪಸು ಹಾಕಿ ನೋಡಿದ್ದೀಯಾ? ಯಾವುದು ತಾನೇ ಬದಲಾಗುತ್ತದೆ, ಯಾವುದು ನಿನ್ನನ್ನು ಕೇಳಿ ಬದಲಾಗುತ್ತದೆ? ಕೊನೆಯ ಸುದ್ದಿ ಬಂದದ್ದು ಯಾವತ್ತು? ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಆ ವಿದ್ಯಾರ್ಥಿ ಪ್ರದರ್ಶನದ ಹಿಂದಿನ ರಾತ್ರಿ ನಿಶ್ಚಿಂತೆಯಿಂದ ಮಲಗಬಹುದು.