ವಿಲ್ ಮತ್ತು ವುಡ್ ನಡುವಿನ ಕೂಲಿ

ಇಂಗ್ಲಿಷಿನ ಷರತ್ತು ವಾಕ್ಯಗಳನ್ನು ಪಠ್ಯಪುಸ್ತಕಗಳು ಸೊನ್ನೆ, ಒಂದು, ಎರಡು, ಮೂರು ಎಂದು ಎಣಿಸಿ ಕಲಿಸುತ್ತವೆ. ಸಿಂಗಪುರದ ಸೆಲೆಟಾರ್‌ನಲ್ಲಿ ವಿಮಾನ ಎಂಜಿನುಗಳ ಕೆಲಸಕ್ಕೆ ಬರುವ ಎಂಜಿನಿಯರನಿಗೆ ಅಷ್ಟು ಸಾಕು. ಅದೇ ಸೀಮೆಯಲ್ಲಿ ವರ್ಕ್ ಪರ್ಮಿಟ್ ಹಿಡಿದು ಕಟ್ಟಡ ಕಟ್ಟುವವನಿಗೆ ಸಾಲದು; ಅವನ ಬದುಕೇ ಷರತ್ತುಗಳಲ್ಲಿದೆ. ಮಲೇಷ್ಯಾದವನಲ್ಲದ ಅಂಥ ಪ್ರತಿಯೊಬ್ಬನಿಗೂ ಮಾಲೀಕ 5,000 ಡಾಲರುಗಳ ಭದ್ರತಾ ಬಾಂಡ್ ಇಡಬೇಕು. ಕಾರ್ಮಿಕ ಕಾಣೆಯಾದರೆ ಆ ಹಣ ಮುಟ್ಟುಗೋಲಾಗಬಹುದು. ಸರ್ಕಾರದ ಅನುಮತಿಯಿಲ್ಲದೆ ಅವನು ಸಿಂಗಪುರದ ಪ್ರಜೆಯನ್ನು ಮದುವೆಯಾಗುವಂತಿಲ್ಲ, ಪರದೇಶದಲ್ಲಿ ಕೂಡ.

ಕನ್ನಡಿಗನಿಗೆ ಈ ವ್ಯಾಕರಣ ಅಪರಿಚಿತವೇನಲ್ಲ. ‘ನಾಳೆ ಬಂದರೆ’ ಎನ್ನುವಾಗ ನಾವು ನಾಳೆಯ ಮಾತಿಗೆ ‘ಬಂದ’ ಎಂಬ ಭೂತರೂಪವನ್ನೇ ಹಚ್ಚುತ್ತೇವೆ. ಇಂಗ್ಲಿಷಿನ ಎರಡನೆಯ ಬಗೆಯಲ್ಲಿಯೂ ಭೂತರೂಪ ಭೂತಕಾಲವನ್ನು ಹೇಳುವುದಿಲ್ಲ. ವ್ಯತ್ಯಾಸವಿರುವುದು ಬೇರೆ ಕಡೆ. ‘ಬಂದರೆ ಕೊಡುತ್ತೇನೆ’, ‘ಬಂದರೆ ಕೊಡುತ್ತಿದ್ದೆ’ ಎಂಬಲ್ಲಿ ಭರವಸೆಯ ಅಳತೆಯನ್ನು ನಮಗೆ ಕೊನೆಯ ಕ್ರಿಯಾಪದ ತಿಳಿಸುತ್ತದೆ. ಇಂಗ್ಲಿಷಿನಲ್ಲಿ ‘ಇಫ್’ನ ಬೆನ್ನಿಗೇ ಬರುವ ಕ್ರಿಯಾಪದವೂ ಬದಲಾಗಬೇಕು. ಇಷ್ಟನ್ನು ಕನ್ನಡದ ಮೂಲಕ ಹೇಳಿಕೊಟ್ಟರೆ ಅಂಕಿಗಳ ಉರು ಹೊಡೆತ ಬೇಕಿಲ್ಲ.

ಕೆಲಸದ ಜಾಗದಲ್ಲಿ ಕೇಳುವ ಸಿಂಗ್ಲಿಷಿನಲ್ಲಂತೂ ಎಷ್ಟೋ ಸಲ ‘ಇಫ್’ ಎಂಬ ಪದವೇ ಇರುವುದಿಲ್ಲ: ‘ನೋ ಬೂಟ್, ಕೆನಾಟ್ ಎಂಟರ್’. ಸರ್ಕಾರ 2000ರಿಂದ ‘ಸ್ಪೀಕ್ ಗುಡ್ ಇಂಗ್ಲಿಷ್’ ಅಭಿಯಾನ ನಡೆಸಿದೆ. ನನಗೆ ಮಾತ್ರ ಈ ತುಂಡು ಮಾತು ಕಾಗದದ ಇಂಗ್ಲಿಷಿಗಿಂತ ಪ್ರಾಮಾಣಿಕವೆನಿಸುತ್ತದೆ. ಬೂಟಿಲ್ಲದಿದ್ದರೆ ಏನಾಗುತ್ತದೆಂಬುದರಲ್ಲಿ ಅಲ್ಲಿ ಸಂಶಯವಿಲ್ಲ.

ಸಂಶಯ ಹುಟ್ಟುವುದು ನಯವಾದ ವಾಕ್ಯಗಳಲ್ಲಿ. ಗುತ್ತಿಗೆ ಮುಂದುವರಿದರೆ ಕೂಲಿ ಹೆಚ್ಚಿಸುತ್ತೇವೆ ಎಂದು ‘ವಿಲ್’ ಹಚ್ಚಿ ಬರೆದುಕೊಟ್ಟರೆ ಅದು ಒಪ್ಪಂದ. ‘ವುಡ್’ ಹಚ್ಚಿದರೆ ಬರಿಯ ಸೌಜನ್ಯ. ‘ಅನ್‌ಲೆಸ್’ನ ಒಳಗೆ ಒಂದು ‘ಇಲ್ಲ’ ಅಡಗಿದೆ. ಅದನ್ನು ಕಾಣದೆ ಓದಿದವನು ವಾಕ್ಯವನ್ನು ತಲೆಕೆಳಗಾಗಿ ಗ್ರಹಿಸುತ್ತಾನೆ. ಇಂಥ ಓದಿನ ನಷ್ಟ ಪರೀಕ್ಷೆಯ ಅಂಕದಲ್ಲಲ್ಲ, ತಿಂಗಳ ಸಂಬಳದಲ್ಲಿ ಕಾಣಿಸುತ್ತದೆ.

ಆದ್ದರಿಂದ ಭಾನುವಾರಗಳಲ್ಲಿ ಕಾರ್ಮಿಕರಿಗೆ ಇಂಗ್ಲಿಷ್ ಕಲಿಸಲು ಹೊರಡುವ ಗೆಳೆಯರು ‘ನಾನು ಹಕ್ಕಿಯಾಗಿದ್ದರೆ’ ಎಂಬ ಅಭ್ಯಾಸವನ್ನು ಪಕ್ಕಕ್ಕಿಡಲಿ. ಮೂಲ ಸಂಬಳ, ಭತ್ಯೆ, ಕಡಿತಗಳನ್ನು ನಮೂದಿಸಿದ ಇನ್-ಪ್ರಿನ್ಸಿಪಲ್ ಅಪ್ರೂವಲ್ ಪತ್ರವೊಂದು ಪ್ರತಿಯೊಬ್ಬ ಕಾರ್ಮಿಕನಿಗೂ ಬರುತ್ತದೆ. ಮೊದಲ ಪಾಠಕ್ಕೆ ಆ ಪತ್ರವನ್ನೂ ಗುತ್ತಿಗೆಯ ಕಾಗದವನ್ನೂ ತರಲು ಹೇಳಿ, ಅವುಗಳಲ್ಲಿರುವ ಪ್ರತಿ ‘ಇಫ್’, ‘ಅನ್‌ಲೆಸ್’ಗಳ ಕೆಳಗೆ ಗೆರೆ ಎಳೆಸಿದರೆ ಒಂದು ಮಧ್ಯಾಹ್ನಕ್ಕೆ ಬೇಕಾದಷ್ಟು ವ್ಯಾಕರಣ ಅಲ್ಲೇ ಇರುತ್ತದೆ.